ಸೂಪಿಗೆ ಕಾರ್ನ್‌ಫ್ಲೋರ್ ಯಾಕೆ?

ಮನೆಯಲ್ಲಿ ಟೊಮೆಟೊ ಸೂಪ್ ಮಾಡುವಾಗ ಹಲವರು ಮೂರು ವಸ್ತು ಸೇರಿಸುತ್ತಾರೆ. ಗಟ್ಟಿಯಾಗಲಿ ಅಂತ ಕಾರ್ನ್‌ಫ್ಲೋರ್, ಬಣ್ಣಕ್ಕೆ ಒಂದು ತುಂಡು ಬೀಟ್‌ರೂಟ್, ಹೋಟೆಲಿನ ರುಚಿ ಬರಲಿ ಅಂತ ಚಿಟಿಕೆ ಅಜಿನೊಮೊಟೊ. ಟೆರೇಸಿನಲ್ಲಿ ನೀವೇ ಬೆಳೆದ ಹಣ್ಣು ಬುಟ್ಟಿ ತುಂಬ ಇದ್ದರೆ ಈ ಮೂರೂ ಬೇಕಾಗಿಲ್ಲ. ಆ ಕೆಲಸ ಮಾಡುವ ಪದಾರ್ಥಗಳೆಲ್ಲ ಹಣ್ಣಿನೊಳಗೇ ಇವೆ, ಹೆಚ್ಚುವಾಗ ಸೋಸುವಾಗ ನಾವೇ ಅವನ್ನು ಕಳೆದುಕೊಳ್ಳುತ್ತೇವೆ.

ಟೊಮೆಟೊದಲ್ಲಿ ನೂರಕ್ಕೆ ಸುಮಾರು 94 ಪಾಲು ನೀರು. ರಸಕ್ಕೆ ಗಟ್ಟಿತನ ಕೊಡುವುದು ಮುಖ್ಯವಾಗಿ ಪೆಕ್ಟಿನ್, ಜಾಮ್ ಗಟ್ಟಿಯಾಗುವುದಕ್ಕೂ ಇದೇ ಕಾರಣ. ತೊಂದರೆ ಏನಂದ್ರೆ, ಪೆಕ್ಟಿನನ್ನು ತುಂಡರಿಸುವ ಕಿಣ್ವಗಳೂ ಅದೇ ಹಣ್ಣಿನಲ್ಲಿವೆ. ಹೆಚ್ಚಿದ ಅಥವಾ ಹಸಿಯಾಗಿ ರುಬ್ಬಿದ ಕೂಡಲೇ ಅವು ಕೆಲಸ ಶುರು ಮಾಡುತ್ತವೆ. ರುಬ್ಬಿದ್ದನ್ನು ಪಕ್ಕಕ್ಕಿಟ್ಟು, ಈರುಳ್ಳಿ ಬೆಳ್ಳುಳ್ಳಿ ಬಿಡಿಸಿ, ನಡುವೆ ಬಂದ ಫೋನಿನಲ್ಲೂ ಮಾತಾಡಿ ಮುಗಿಸಿ ಬರುವಷ್ಟರಲ್ಲಿ ಪೆಕ್ಟಿನ್ ಚೂರುಚೂರಾಗಿ ಸೂಪ್ ತಿಳಿಯಾಗುತ್ತದೆ. ಕೆಚಪ್ ಕಾರ್ಖಾನೆಗಳು ಹಾಗೆ ಬಿಡುವುದಿಲ್ಲ. ಹಣ್ಣು ಜಜ್ಜಿದ ತಕ್ಷಣ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸುತ್ತವೆ, ಕಿಣ್ವಗಳು ಅಲ್ಲೇ ನಿಷ್ಕ್ರಿಯವಾಗುತ್ತವೆ. ಇದಕ್ಕೆ ಹಾಟ್ ಬ್ರೇಕ್ ಅಂತ ಹೆಸರು. ಮನೆಯಲ್ಲಾದರೆ ಪಾತ್ರೆಯನ್ನು ಮೊದಲೇ ಕಾಯಿಸಿ, ಹಣ್ಣನ್ನು ನೇರವಾಗಿ ಅದಕ್ಕೇ ಹೆಚ್ಚಿ ಹಾಕಿ, ಕುದಿ ನಿಲ್ಲದಂತೆ ಸ್ವಲ್ಪ ಸ್ವಲ್ಪವಾಗಿ. ಮಿಕ್ಸಿ ಏನಿದ್ದರೂ ಆಮೇಲೆ.

ಇದರಲ್ಲಿ ಒಂದು ನಷ್ಟ ಇದೆ. ಹಸಿ ಟೊಮೆಟೊ ಕತ್ತರಿಸಿದಾಗ ಬರುವ ಹಸಿರು ಘಮ ಹುಟ್ಟುವುದೂ ಕಿಣ್ವಗಳಿಂದಲೇ, ಹೀಗೆ ಬೇಯಿಸಿದರೆ ಅದು ಹೋಗುತ್ತದೆ. ಹಾಗಾಗಿ ಇಳಿಸುವ ಮುಂಚೆ ಅರ್ಧ ಹಸಿ ಹಣ್ಣು ತುರಿದು ಹಾಕುವುದು ಒಳ್ಳೆಯದು.

ಇನ್ನು ಅಜಿನೊಮೊಟೊ. ಜಪಾನಿನ ಕಿಕುನಾಯೆ ಇಕೆಡಾ 1908ರಲ್ಲಿ ಕಡಲಪಾಚಿಯಿಂದ ಬೇರ್ಪಡಿಸಿದ ಗ್ಲುಟಮೇಟ್ ಅದು. ಹಣ್ಣಾದ ಟೊಮೆಟೊದಲ್ಲಿ ಇದು ಧಾರಾಳವಾಗಿದೆ. ಎಲ್ಲಿ ಗೊತ್ತಾ? ಬೀಜದ ಸುತ್ತ ಇರುವ ಲೋಳೆಯಲ್ಲಿ. ತಿರುಳಿಗಿಂತ ಲೋಳೆಯಲ್ಲೇ ಗ್ಲುಟಮೇಟ್ ಜಾಸ್ತಿ ಅಂತ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಕಟಿಸಿದರು. ನಾವು ಮಾತ್ರ ಬೀಜ ಬೇಡ ಅಂತ ಲೋಳೆ ಸಮೇತ ಹಿಂಡಿ ಸಿಂಕಿಗೆ ಹಾಕುತ್ತೇವೆ! ಬೇಯಿಸಿದ ಮೇಲೆ ಜರಡಿಯಲ್ಲಿ ಸೌಟಿನಿಂದ ಉಜ್ಜಿ. ಬೀಜ ಸಿಪ್ಪೆ ಮೇಲೆ ಉಳಿಯುತ್ತವೆ, ರುಚಿ ಕೆಳಗಿಳಿಯುತ್ತದೆ. ರಸ ಜಾಸ್ತಿ ಇರುವ ನಾಟಿ ಹಣ್ಣು ಸೂಪಿಗೆ ಹೆಚ್ಚು ರುಚಿ ಅಂತ ನನ್ನ ಅಭಿಪ್ರಾಯ. ಹುಳಿ ಅನಿಸಿದರೆ ಸ್ವಲ್ಪ ಫಾರಂ ಹಣ್ಣು ಬೆರೆಸಿ.

ಬಣ್ಣದ ವಿಷಯ ಗಿಡದಲ್ಲೇ ತೀರ್ಮಾನವಾಗುತ್ತದೆ. ಕೆಂಪಿಗೆ ಕಾರಣ ಲೈಕೋಪೀನ್. ಬಿಸಿ 30 ಡಿಗ್ರಿ ದಾಟಿದರೆ ಅದು ತಯಾರಾಗುವುದು ಕುಂಠಿತವಾಗುತ್ತದೆ, ಹಳದಿ ಕ್ಯಾರೊಟೀನ್ ಮಾತ್ರ ಬರುತ್ತಲೇ ಇರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಟೆರೇಸಿನ ಹಣ್ಣು ಕಿತ್ತಳೆ ಬಣ್ಣಕ್ಕೇ ನಿಲ್ಲುವುದು ಇದರಿಂದ, ಗೊಬ್ಬರ ಕಡಿಮೆಯಾಗಿ ಅಲ್ಲ. ಬಣ್ಣ ತಿರುಗಲು ಶುರುವಾದಾಗಲೇ ಕಿತ್ತು ಮನೆಯೊಳಗೆ ತಂಪಾದ ಜಾಗದಲ್ಲಿಡಿ, ಚೆನ್ನಾಗಿ ಕೆಂಪಾಗುತ್ತದೆ. ಫ್ರಿಜ್ ಬೇಡ. 5 ಡಿಗ್ರಿಯಲ್ಲಿ ಒಂದು ವಾರ ಇಟ್ಟರೆ ಘಮ ತಯಾರಿಸುವ ಜೀನುಗಳು ಮಂಕಾಗುತ್ತವೆ, ಹೊರಗೆ ತೆಗೆದಿಟ್ಟರೂ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ.

ಬೇಯಿಸಿದರೆ ವಿಟಮಿನ್ ಸಿ ಸ್ವಲ್ಪ ಹೋಗುತ್ತದೆ, ನಿಜ. ಆದರೆ ಲೈಕೋಪೀನ್ ನಮ್ಮ ಮೈಗೆ ಹಸಿ ಹಣ್ಣಿಗಿಂತ ಬೆಂದದ್ದರಿಂದಲೇ ಚೆನ್ನಾಗಿ ಸಿಗುತ್ತದೆ. ಅದು ಜಿಡ್ಡಿನಲ್ಲಿ ಕರಗುವಂಥದ್ದು, ಹಾಗಾಗಿ ಒಂದು ಚಮಚ ಬೆಣ್ಣೆ ಸುಮ್ನೆ ರುಚಿಗಷ್ಟೇ ಅಲ್ಲ.

ಹಾಲು ಹಾಕುವವರಿಗೆ ಒಂದು ಮಾತು. ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಟೊಮೆಟೊದ ಪಿಎಚ್ ಸುಮಾರು 4.3, ಹಾಲಿನಲ್ಲಿರುವ ಕೇಸೀನ್ ಅನ್ನುವ ಪ್ರೋಟೀನ್ ಗಂಟಾಗುವುದು 4.6ರ ಹತ್ತಿರ. ಕುದಿಯುವ ಸೂಪಿಗೆ ಹಾಲು ಸುರಿದರೆ ಒಡೆಯದೆ ಇನ್ನೇನಾಗುತ್ತದೆ? ಕ್ರೀಮಿನಲ್ಲಿ ಕೊಬ್ಬು ಜಾಸ್ತಿ, ಕೇಸೀನ್ ಕಡಿಮೆ. ಒಲೆ ಆರಿಸಿ ಕ್ರೀಮ್ ಹಾಕಿ, ಮತ್ತೆ ಕುದಿಸಬೇಡಿ.