ಸಿಂಗಲ್ ಫೇಸ್ ಮನೆಯಲ್ಲಿ ತ್ರೀ ಫೇಸ್ ಲೇಥ್

ತ್ರೀ ಫೇಸ್ ಮೋಟಾರಿಗೆ ಸಿಂಗಲ್ ಫೇಸ್ ಕೊಟ್ಟರೆ ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ. ಒಮ್ಮೆ ತಿರುಗಿಸಿಬಿಟ್ಟರೆ ನಿಲ್ಲುವುದೂ ಇಲ್ಲ. ಆಗ ತಿರುಗುವ ಭಾಗವಾದ ರೋಟರಿನ ಕಾಂತಕ್ಷೇತ್ರ ಖಾಲಿ ಬಿಟ್ಟ ಮೂರನೇ ಟರ್ಮಿನಲ್‌ನಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ರೋಟರಿ ಫೇಸ್ ಕನ್ವರ್ಟರ್ ಎಂದರೆ ಇದೇ. ಡಬ್ಲ್ಯುಎಪಿ-4ರಂಥ ರೈಲ್ವೆ ಎಂಜಿನ್‌ಗಳಲ್ಲಿ ಬ್ಲೋವರ್, ಕಂಪ್ರೆಸರ್ ಓಡಿಸಲು ಬಳಸಿದ ಆರ್ನೋ ಕನ್ವರ್ಟರ್ ಕೂಡ ಇದೇ ಜಾತಿಯದು.

ಎರಡೇ ಫೇಸ್ ಬಂದಾಗ ನಮ್ಮ ರೈತರು ಬರೀ ಕಂಡೆನ್ಸರ್ (ಕೆಪಾಸಿಟರ್) ಹಾಕಿ ಪಂಪ್ ಓಡಿಸುವುದುಂಟು. ಪಂಪಿನ ಹೊರೆ ಹೆಚ್ಚುಕಡಿಮೆ ಒಂದೇ ಇರುವುದರಿಂದ ಅದು ನಡೆಯುತ್ತದೆ. ಲೇಥಿನ ಹೊರೆ ಗಳಿಗೆಗೊಂದು ಥರ. ಅದಕ್ಕೇ ನಡುವೆ ಸದಾ ತಿರುಗುವ ಮೋಟಾರ್ ಬೇಕು. ಇದನ್ನು ಐಡ್ಲರ್ ಎನ್ನುತ್ತಾರೆ.

2 ಎಚ್‌ಪಿ ಲೇಥಿಗೆ 3 ಎಚ್‌ಪಿಯ ಹಳೆಯ ಮೋಟಾರ್ ಸಾಕು. ಶಾಫ್ಟಿಗೆ ಏನನ್ನೂ ಜೋಡಿಸಬೇಡಿ. ನೇಮ್‌ಪ್ಲೇಟಿನಲ್ಲಿ 415 ವೋಲ್ಟ್, ಸ್ಟಾರ್ (ಮೂರು ವೈಂಡಿಂಗುಗಳ ಒಂದೊಂದು ತುದಿ ಒಟ್ಟಿಗೆ ಸೇರಿರುವ ಜೋಡಣೆ) ಎಂದಿರಬೇಕು. ಟರ್ಮಿನಲ್ ಬಾಕ್ಸ್ ತೆರೆದರೆ ಆರು ಬೋಲ್ಟುಗಳಲ್ಲಿ ಒಂದು ಸಾಲಿನ ಮೂರನ್ನು ಹಿತ್ತಾಳೆ ಪಟ್ಟಿ ಅಡ್ಡಲಾಗಿ ಸೇರಿಸಿರುತ್ತದೆ. ಪಟ್ಟಿಗಳನ್ನು ಬಿಚ್ಚಿ ಉದ್ದಕ್ಕೆ ಹಾಕಿದರೆ ಡೆಲ್ಟಾ (ವೈಂಡಿಂಗುಗಳು ತುದಿಗೆ ತುದಿ ಸೇರಿ ತ್ರಿಕೋನವಾಗುವ ಜೋಡಣೆ), ಅಂದರೆ 240 ವೋಲ್ಟಿನ ಮೋಟಾರ್. ಲೇಥಿನ ಮೋಟಾರಿಗೂ ಹೀಗೇ ಮಾಡಬೇಕು. ಮೂರೇ ವೈರ್ ಹೊರಬಂದಿದ್ದರೆ ರೀವೈಂಡಿಂಗ್ ಅಂಗಡಿಯಲ್ಲಿ ಸ್ಟಾರ್ ಜಾಯಿಂಟ್ ಬಿಡಿಸಿಕೊಳ್ಳಿ. 415 ವೋಲ್ಟಿಗೇ ಡೆಲ್ಟಾ ಇರುವ ಮೋಟಾರಿಗೆ ಈ ಉಪಾಯ ನಡೆಯದು.

ಫೇಸ್, ನ್ಯೂಟ್ರಲ್ ಎರಡು ಟರ್ಮಿನಲ್‌ಗಳಿಗೆ. ಫೇಸ್‌ನಿಂದ ಮೂರನೆಯದಕ್ಕೆ ಪುಶ್ ಬಟನ್ ಮೂಲಕ ಸುಮಾರು 250 ಮೈಕ್ರೋಫ್ಯಾರಡ್‌ನ ಸ್ಟಾರ್ಟ್ ಕೆಪಾಸಿಟರ್, ಅದರ ಎರಡು ತುದಿಗಳ ನಡುವೆ 15 ಕಿಲೋಓಮ್, 2 ವಾಟ್ ರೆಸಿಸ್ಟರ್. ಇದಿಲ್ಲದಿದ್ದರೆ ಬಟನ್ ಬಿಟ್ಟ ಮೇಲೂ ಕೆಪಾಸಿಟರ್ ಶಾಕ್ ಹೊಡೆಯುತ್ತದೆ. ವೇಗ ಬಂದ ಕೂಡಲೇ, ಒಂದೆರಡು ಸೆಕೆಂಡಿನಲ್ಲೇ, ಬಟನ್ ಬಿಡಬೇಕು. ತಡವಾದರೆ ಕೆಪಾಸಿಟರ್ ಉಬ್ಬಿ ಸಿಡಿಯುತ್ತದೆ. ಲೇಥಿಗೆ ಐಡ್ಲರಿನ ಈ ಮೂರೂ ಟರ್ಮಿನಲ್‌ಗಳಿಂದ ವೈರ್ ಹೋಗುತ್ತದೆ. ಐಡ್ಲರ್ ಪೂರ್ತಿ ವೇಗಕ್ಕೆ ಬಂದ ಮೇಲೇ ಲೇಥ್ ಆನ್ ಮಾಡಿ.

ಹೆಚ್ಚಿನವರು ಇಲ್ಲಿಗೇ ಕೈಬಿಡುತ್ತಾರೆ, ನಿಜವಾದ ಕೆಲಸ ಇರುವುದು ಮುಂದೆ. ಹೊರೆ ಬಿದ್ದಾಗ ಮೂರನೇ ಫೇಸ್ ಕುಗ್ಗುತ್ತದೆ. 440 ವೋಲ್ಟ್ ಎಸಿಯ ರನ್ ಕೆಪಾಸಿಟರ್‌ಗಳನ್ನು ಕಾಯಂ ಜೋಡಿಸಿ: ಮೂರನೆಯದರಿಂದ ಫೇಸ್‌ಗೆ 40, ನ್ಯೂಟ್ರಲ್‌ಗೆ 20 ಮೈಕ್ರೋಫ್ಯಾರಡ್‌ನಿಂದ ಶುರು ಮಾಡಬಹುದು. ಲೇಥ್ ಕಬ್ಬಿಣ ಕತ್ತರಿಸುತ್ತಿರುವಾಗಲೇ ಅದಕ್ಕೆ ಹೋಗುವ ಮೂರೂ ವೈರುಗಳ ಕರೆಂಟನ್ನು ಕ್ಲಾಂಪ್ ಮೀಟರಿನಲ್ಲಿ ನೋಡಿ, ನಿಲ್ಲಿಸಿ, ಐದೈದು ಮೈಕ್ರೋಫ್ಯಾರಡ್ ಕೂಡಿಸಿ ಇಲ್ಲವೇ ಕಳೆದು, ಮೂರೂ ಹೆಚ್ಚುಕಡಿಮೆ ಸಮವಾಗುವವರೆಗೆ ಮತ್ತೆ ಮತ್ತೆ ಅಳೆಯಿರಿ. ವೋಲ್ಟೇಜಿನ ಸಣ್ಣ ವ್ಯತ್ಯಾಸ ಕರೆಂಟಿನಲ್ಲಿ ಹಲವು ಪಟ್ಟಾಗಿ ವೈಂಡಿಂಗ್ ಬಿಸಿ ಮಾಡುತ್ತದೆ.

ಕಾಂಟ್ಯಾಕ್ಟರ್ (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್) ಕಾಯಿಲ್ ಮತ್ತು ಲ್ಯಾಂಪ್ ಯಾವತ್ತೂ ಮೂರನೇ ಫೇಸಿಗೆ ಬೇಡ. ಏರಿಳಿತಕ್ಕೆ ಕಾಂಟ್ಯಾಕ್ಟರ್ ಪಟಪಟ ಬಡಿದುಕೊಂಡು ಸುಡುತ್ತದೆ. ಎಲ್ಲ ಶಕ್ತಿಯೂ ಎರಡೇ ವೈರಿನಲ್ಲಿ ಬರಬೇಕು, 10 ಆಂಪಿಯರ್ ದಾಟುತ್ತದೆ: 4 ಚದರ ಮಿ.ಮೀ. ತಾಮ್ರದ ವೈರ್, 25 ಆಂಪಿಯರ್ ಸಿ-ಕರ್ವ್ ಎಂಸಿಬಿ, ಎರಡೂ ಮೋಟಾರಿಗೆ ಅರ್ತ್. ಮನೆಯ ಮಂಜೂರಾದ ಲೋಡನ್ನೂ ಮೊದಲೇ ನೋಡಿಕೊಳ್ಳಿ. ಕೆಲಸದ ತುಂಡು ಹಿಡಿಯುವ ಚಕ್ ಉಲ್ಟಾ ತಿರುಗಬೇಕಿದ್ದರೆ ಲೇಥ್ ಮೋಟಾರಿನ ಎರಡು ವೈರ್ ಅದಲುಬದಲು ಮಾಡಿದರಾಯಿತು. ಓಡುತ್ತಿರುವಾಗಲೇ ರಿವರ್ಸ್ ಹಾಕಿದರೆ ಮೂರನೇ ಫೇಸ್ ಅಲ್ಲಿಗೇ ಕುಸಿಯುತ್ತದೆ.