ಪದ ಪರಿಚಯ: ಸಬ್‌ನೆಟ್ ಮಾಸ್ಕ್

ಕೊಡಗಿನಲ್ಲಿ ಹೊಸಬರು ಎದುರಾದರೆ ಹಿರಿಯರು ಮೊದಲು ಕೇಳುವುದು 'ಯಾವ ಮನೆ?' ಎಂದು. ಕೊಡಂದೇರ ಎಂದರೆ ಒಕ್ಕ, ಅಂದರೆ ಮನೆತನ, ತಿಳಿಯಿತು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರೂ ಜನರಲ್ ತಿಮ್ಮಯ್ಯನವರೂ ಅದೇ ಒಕ್ಕದವರು. ಮನೆತನ ಮೊದಲು, ಆಮೇಲೆ ತಂದೆಯ ಹೆಸರು, ಕೊನೆಗೆ ತನ್ನ ಹೆಸರು. ಅರೆಭಾಷೆ ಗೌಡರಲ್ಲೂ ಮನೆ ಹೆಸರಿಗೆ ಇಂಥದೇ ತೂಕವಿದೆ.

ಜಾಲದಲ್ಲಿ ಪ್ರತಿ ಯಂತ್ರವನ್ನೂ ಗುರುತಿಸುವ ಸಂಖ್ಯೆಯಾದ ಐಪಿ ವಿಳಾಸವನ್ನೂ ಹೀಗೇ ಓದಬೇಕು. 192.168.10.25 ಎಂಬುದರಲ್ಲಿ ಮೊದಲ ಭಾಗ ಒಕ್ಕ, ಕೊನೆಯ ಭಾಗ ಆ ಒಕ್ಕದೊಳಗಿನ ಒಬ್ಬ ಸದಸ್ಯ. ಆದರೆ ಮನೆತನದ ಹೆಸರು ಎಲ್ಲಿಗೆ ಮುಗಿದು ಸದಸ್ಯನ ಹೆಸರು ಎಲ್ಲಿಂದ ಶುರುವಾಗುತ್ತದೆ? ವಿಳಾಸವನ್ನು ಎಷ್ಟು ನೋಡಿದರೂ ಅದು ತಿಳಿಯುವುದಿಲ್ಲ. ಅದನ್ನು ಹೇಳುವ ಎರಡನೆಯ ಸಂಖ್ಯೆಯೇ ಸಬ್‌ನೆಟ್ ಮಾಸ್ಕ್. ನಾನು ರೆಸಾರ್ಟ್, ಹೋಟೆಲ್‌ಗಳ ಬಿಎಂಎಸ್ (ಕಟ್ಟಡ ನಿರ್ವಹಣಾ ವ್ಯವಸ್ಥೆ) ಕಂಟ್ರೋಲರ್‌ಗಳನ್ನು ರಿಪೇರಿ ಮಾಡುವವನು. ಬಿಸಿನೀರು, ಪಂಪು, ಜನರೇಟರ್, ಎಸಿಗಳನ್ನು ನಡೆಸುವ ಪುಟ್ಟ ಪೆಟ್ಟಿಗೆಗಳವು. ಅವು 'ಕಾಣಿಸುತ್ತಿಲ್ಲ' ಎಂದು ಕರೆ ಬಂದಾಗಲೆಲ್ಲ ಎಲ್ಲರೂ ವಿಳಾಸವನ್ನು ನಾಲ್ಕು ಸಲ ಪರೀಕ್ಷಿಸಿರುತ್ತಾರೆ, ಅದರ ಕೆಳಗಿನ ಸಾಲನ್ನು ಯಾರೂ ನೋಡಿರುವುದಿಲ್ಲ.

ಇಂಥ ಐಪಿ ವಿಳಾಸ ಒಟ್ಟು 32 ಬಿಟ್‌ಗಳದು, ಅಂದರೆ 32 ಒಂದು-ಸೊನ್ನೆಗಳದು. ಎಂಟೆಂಟು ಬಿಟ್‌ಗಳ ನಾಲ್ಕು ತುಂಡು ಮಾಡಿ, ನಡುವೆ ಚುಕ್ಕಿ ಇಟ್ಟು ಬರೆಯುತ್ತೇವೆ. ಮಾಸ್ಕ್ ಕೂಡ 32 ಬಿಟ್. 255 ಎಂದರೆ ಎಂಟೂ ಒಂದುಗಳು, 0 ಎಂದರೆ ಎಂಟೂ ಸೊನ್ನೆಗಳು. ಒಂದು ಇರುವಷ್ಟು ಉದ್ದ ಒಕ್ಕದ ಹೆಸರು, ಸೊನ್ನೆ ಇರುವಲ್ಲಿ ಸದಸ್ಯ. ಕಾಫಿ ಚೀಲದ ಮೇಲೆ ಗುರುತು ಹಾಕಲು ಇಡುವ ತಗಡಿನ ಅಚ್ಚನ್ನು ನೆನೆಸಿಕೊಳ್ಳಿ. ತೂತಿರುವಲ್ಲಿ ಬಣ್ಣ ಇಳಿಯುತ್ತದೆ, ಉಳಿದದ್ದು ಮರೆಯಾಗಿರುತ್ತದೆ. ಮಾಸ್ಕ್ ಎಂಬ ಹೆಸರು ಬಂದದ್ದೂ ಈ ಮರೆಮಾಡುವ ಕೆಲಸದಿಂದಲೇ. 255.255.255.0 ಇಟ್ಟರೆ ಮೊದಲ ಮೂರು ತುಂಡು ಒಕ್ಕ. ಕೊನೆಯ ತುಂಡಿನ 256 ಸಂಖ್ಯೆಗಳಲ್ಲಿ ಮೊದಲನೆಯದು ಒಕ್ಕದ ಹೆಸರಿಗೆ, ಕೊನೆಯದು ಇಡೀ ಒಕ್ಕವನ್ನು ಒಟ್ಟಿಗೆ ಕೂಗುವುದಕ್ಕೆ ಮೀಸಲು. ಉಳಿದ 254 ಯಂತ್ರಗಳಿಗೆ. ಕೆಲವು ಉಪಕರಣಗಳಲ್ಲಿ ಇದನ್ನೇ /24 ಎಂದು ಬರೆದಿರುತ್ತಾರೆ, ಅಂದರೆ 24 ಬಿಟ್ ಒಕ್ಕಕ್ಕೆ.

ಆ 'ಒಟ್ಟಿಗೆ ಕೂಗುವ' ಸಂಖ್ಯೆಯಲ್ಲೇ ನಮ್ಮ ಕೆಲಸದ ಅತಿ ಕಷ್ಟದ ದೋಷ ಅಡಗಿರುತ್ತದೆ.

ಜೋರು ಮಳೆಯ ಒಂದು ಕಕ್ಕಡ ತಿಂಗಳು. ಮಡಿಕೇರಿಯಿಂದ ಒಂದಿಷ್ಟು ದೂರದ ಒಂದು ರೆಸಾರ್ಟ್. ಎರಡು ದಿನ ಕರೆಂಟಿಲ್ಲ, ಬಂದಾಗ ಮೇಲ್ವಿಚಾರಣೆಯ ಕಂಪ್ಯೂಟರ್ ಎದ್ದೇಳಲಿಲ್ಲ. ಹೊಸ ಕಂಪ್ಯೂಟರ್ ತಂದು ಹಳೆಯದರ ವಿಳಾಸವನ್ನೇ ಕೊಟ್ಟರು: 10.20.1.50. ಪರದೆ ಖಾಲಿ. ಹನ್ನೊಂದು ಕಂಟ್ರೋಲರ್‌ಗಳಲ್ಲಿ ಒಂದೂ ಕಾಣಿಸಲಿಲ್ಲ. ಪಿಂಗ್ ಮಾಡಿದರೆ, ಅಂದರೆ ಒಂದೊಂದರ ವಿಳಾಸಕ್ಕೂ 'ಇದ್ದೀಯಾ?' ಎಂಬ ಪುಟ್ಟ ಸಂದೇಶ ಕಳಿಸಿದರೆ, ಹನ್ನೊಂದೂ ಉತ್ತರಿಸುತ್ತಿದ್ದವು! ಕಂಪ್ಯೂಟರ್ ಸುಟ್ಟ ಹೊಡೆತಕ್ಕೆ ಕಂಟ್ರೋಲರ್‌ಗಳ ಒಳಗೂ ಏನೋ ಕೆಟ್ಟಿದೆ ಎಂದು ತೀರ್ಮಾನಿಸಿ, ನಾನು ಹೋಗುವಷ್ಟರಲ್ಲಿ ಎರಡನ್ನು ಬಿಚ್ಚಿ, ಹೊಸದಕ್ಕೆ ಹಣವನ್ನೂ ಕಟ್ಟಿಬಿಟ್ಟಿದ್ದರು. ಬಿಚ್ಚಿಟ್ಟ ಆ ಎರಡೂ ಸಂಪೂರ್ಣ ಆರೋಗ್ಯವಾಗಿದ್ದವು. ನನಗೆ ಇವತ್ತಿಗೂ ಅದು ಸಂಕಟದ ನೆನಪು.

ಆದದ್ದು ಇಷ್ಟು. ಕಂಟ್ರೋಲರ್‌ಗಳಲ್ಲಿ ಮಾಸ್ಕ್ 255.255.255.0. ಹೊಸ ಕಂಪ್ಯೂಟರಿನಲ್ಲಿ 255.0.0.0.

ಈ ಕಂಟ್ರೋಲರ್‌ಗಳು ಮಾತಾಡುವ ಭಾಷೆ ಬ್ಯಾಕ್‌ನೆಟ್. ಅಮೆರಿಕದ ಆಶ್ರೇ ಸಂಸ್ಥೆ 1995ರಲ್ಲಿ ಪ್ರಕಟಿಸಿದ ಮಾನದಂಡ ಅದು. ಐಪಿ ಜಾಲದಲ್ಲಿ ಅದು ಸಾಮಾನ್ಯವಾಗಿ ಬಳಸುವ ಪೋರ್ಟ್, ಅಂದರೆ ಸಂದೇಶ ಒಳಬರುವ ಬಾಗಿಲಿನ ಸಂಖ್ಯೆ, 47808. ಹದಿನಾರರ ಎಣಿಕೆಯಲ್ಲಿ ಬರೆದರೆ 'ಬಿ-ಎ-ಸಿ-ಸೊನ್ನೆ' ಎಂದಾಗುತ್ತದೆ, ಆ ಸಂಖ್ಯೆಯನ್ನು ಬೇಕೆಂದೇ ಆರಿಸಿದ್ದಾರೆ. ಬ್ಯಾಕ್‌ನೆಟ್‌ನಲ್ಲಿ ಕಂಪ್ಯೂಟರ್ ಒಬ್ಬೊಬ್ಬರ ಬಾಗಿಲು ತಟ್ಟುವುದಿಲ್ಲ. 'ಹೂ ಈಸ್', ಅಂದರೆ 'ಯಾರ‍್ಯಾರಿದ್ದೀರಿ?' ಎಂದು ಒಕ್ಕಕ್ಕೆಲ್ಲ ಒಂದೇ ಸಲ ಕೂಗುತ್ತದೆ. ಇದ್ದವರು 'ಐ ಆ್ಯಮ್' ಎಂದು ಓಗೊಡುತ್ತಾರೆ. ಕೂಗಬೇಕಾದ ವಿಳಾಸವನ್ನು ಲೆಕ್ಕ ಹಾಕುವುದು ಮಾಸ್ಕ್‌ನಿಂದ. ಸದಸ್ಯನ ಭಾಗದ ಬಿಟ್‌ಗಳನ್ನೆಲ್ಲ ಒಂದು ಮಾಡಿದರೆ ಅದೇ ಕೂಗಿನ ವಿಳಾಸ. ಕಂಟ್ರೋಲರ್‌ಗಳ ಲೆಕ್ಕದಲ್ಲಿ ಅದು 10.20.1.255. ಹೊಸ ಕಂಪ್ಯೂಟರಿನ ಲೆಕ್ಕದಲ್ಲಿ 10.255.255.255.

1997ರಿಂದ ನಡೆದುಬಂದಿರುವ ಕೊಡವ ಕೌಟುಂಬಿಕ ಹಾಕಿಯಲ್ಲಿ ಒಂದೊಂದು ತಂಡವೂ ಒಂದೊಂದು ಒಕ್ಕ. ಮೈದಾನದ ಮೈಕ್‌ನಲ್ಲಿ ಒಕ್ಕದ ಹೆಸರು ಕೂಗಿದರೆ ಆ ಮನೆಯವರು ಎದ್ದು ಬರುತ್ತಾರೆ. ಬೇರೆ ಹೆಸರು ಕೂಗಿದರೆ, ಶಬ್ದ ಕಿವಿಗೆ ಬಿದ್ದರೂ, ಕೂತಲ್ಲೇ ಇರುತ್ತಾರೆ. ಕಂಟ್ರೋಲರ್‌ಗಳು ಮಾಡಿದ್ದೂ ಅದನ್ನೇ. ತಂತಿಯ ಮೇಲೆ ಕೂಗು ಬಂತು, ಹೆಸರು ತಮ್ಮದಲ್ಲ ಎಂದು ಬಿಟ್ಟುಬಿಟ್ಟವು. ಪಿಂಗ್ ಮಾತ್ರ ನೇರವಾಗಿ ಒಬ್ಬನ ಪೂರ್ತಿ ಹೆಸರು ಹಿಡಿದು ಕರೆದಂತೆ. ಎರಡು ಕಡೆಯ ಲೆಕ್ಕದಲ್ಲೂ ಇನ್ನೊಬ್ಬರು ತಮ್ಮ ಒಕ್ಕದೊಳಗೇ ಇದ್ದುದರಿಂದ ಅದಕ್ಕೆ ಉತ್ತರ ಸಿಕ್ಕಿತು. ಪಿಂಗ್ ಉತ್ತರಿಸುತ್ತದೆ, ಹುಡುಕಾಟದಲ್ಲಿ ಕಾಣುವುದಿಲ್ಲ ಎಂದರೆ ಕಂಟ್ರೋಲರ್‌ಗೆ ಕೈಹಾಕುವ ಮೊದಲು ಎರಡೂ ಕಡೆಯ ಮಾಸ್ಕ್ ಓದಿ. ಜತೆಗೆ ಹೊಸ ಕಂಪ್ಯೂಟರಿನ ಫೈರ್‌ವಾಲ್ 47808ನ್ನು ತಡೆದಿದೆಯೇ ಎಂಬುದನ್ನೂ ನೋಡಿ, ಲಕ್ಷಣ ಅದೇ ಇರುತ್ತದೆ.

255.0.0.0 ಅಲ್ಲಿಗೆ ಬಂದದ್ದಾದರೂ ಹೇಗೆ? ಯಾರೂ ಟೈಪ್ ಮಾಡಿರಲಿಲ್ಲ. ವಿಂಡೋಸ್‌ನಲ್ಲಿ 10ರಿಂದ ಶುರುವಾಗುವ ವಿಳಾಸ ಬರೆದು ಟ್ಯಾಬ್ ಒತ್ತಿದರೆ ಮಾಸ್ಕ್‌ನ ಜಾಗದಲ್ಲಿ 255.0.0.0 ತಾನಾಗಿ ಬಂದು ಕೂರುತ್ತದೆ. 172.16 ಎಂದು ಬರೆದರೆ 255.255.0.0. ಇದು ಹಳೆಯ ಕಾಲದ ಪಳೆಯುಳಿಕೆ. 1981ರ ಐಪಿ ನಿಯಮದಲ್ಲಿ ಮಾಸ್ಕ್ ಇರಲಿಲ್ಲ. ವಿಳಾಸದ ಮೊದಲ ಬಿಟ್‌ಗಳನ್ನು ನೋಡಿಯೇ ಎ, ಬಿ, ಸಿ ಎಂಬ ವರ್ಗ ತಿಳಿಯುತ್ತಿತ್ತು. ದೊಡ್ಡ ಒಕ್ಕವನ್ನು ಒಳಗೆ ಪಾಲು ಮಾಡಿಕೊಳ್ಳುವ ಸಬ್‌ನೆಟ್ ಪದ್ಧತಿ ನಿಯಮವಾಗಿ ಪ್ರಕಟವಾದದ್ದು 1985ರಲ್ಲಿ. 1993ರ ಹೊತ್ತಿಗೆ ವರ್ಗಗಳನ್ನೇ ಕೈಬಿಟ್ಟರು. ಆದರೂ ವಿಂಡೋಸ್‌ನ ಆ ಮಾಸ್ಕ್ ಜಾಗದಲ್ಲಿ ಹಳೆಯ ಊಹೆ ಉಳಿದುಕೊಂಡಿದೆ.

ತಪ್ಪು ಇನ್ನೊಂದು ದಿಕ್ಕಿಗೂ ಆಗುತ್ತದೆ. 255.255.255.128 ಇಟ್ಟರೆ ಒಕ್ಕ ಎರಡು ಹೋಳಾಗಿ 0ರಿಂದ 127 ಒಂದು ಮನೆ, 128ರಿಂದ 255 ಇನ್ನೊಂದು ಮನೆ. ಆಗ 20ನೇ ಸಂಖ್ಯೆಯ ಲ್ಯಾಪ್‌ಟಾಪ್‌ಗೆ 140ನೇ ಸಂಖ್ಯೆಯ ಕಂಟ್ರೋಲರ್ ಪರಮನೆಯದು. ಪಕ್ಕದಲ್ಲೇ ಇದ್ದರೂ ಲ್ಯಾಪ್‌ಟಾಪ್ ಮಾತನ್ನು ಗೇಟ್‌ವೇ, ಅಂದರೆ ಬೇರೆ ಒಕ್ಕಕ್ಕೆ ಹೋಗುವ ಹೆಬ್ಬಾಗಿಲು, ಅದರ ಮೂಲಕ ಕಳಿಸಲು ಹೋಗುತ್ತದೆ, ಗೇಟ್‌ವೇ ಇಲ್ಲದಿದ್ದರೆ ಪಿಂಗ್ ಕೂಡ ಸೋಲುತ್ತದೆ. ಇದು ಬೇಗ ಸಿಕ್ಕಿಬೀಳುವ ದೋಷ.

ಮಳೆಗಾಲದಲ್ಲಿ ಕಾಣುವ ಬೇರೆ ಎರಡು ತೊಂದರೆಗಳನ್ನು ಇದರ ಜತೆ ಬೆರೆಸಬಾರದು. ವಿಳಾಸ 169.254ರಿಂದ ಶುರುವಾಗಿದ್ದರೆ ಮಾಸ್ಕ್ ಹುಡುಕುವ ಅಗತ್ಯವಿಲ್ಲ. ಕರೆಂಟ್ ಬಂದಾಗ ರೌಟರ್ ಇನ್ನೂ ಏಳುತ್ತಿರುವಾಗಲೇ ಯಂತ್ರ ಎದ್ದು, ವಿಳಾಸ ಹಂಚುವವರು ಸಿಗದೆ ತಾನೇ ಒಂದನ್ನು ಇಟ್ಟುಕೊಂಡಿದೆ. ಕಂಟ್ರೋಲರ್‌ಗಳಿಗೆ ಸ್ಥಿರ ವಿಳಾಸ ಕೊಡಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ. ಇನ್ನೊಂದು, ಒಂದೇ ವಿಳಾಸ ಇಬ್ಬರಿಗೆ ಬಿದ್ದಿರುವುದು. ಕಂಟ್ರೋಲರ್‌ನ ಕೇಬಲ್ ಕಿತ್ತು ಅದೇ ವಿಳಾಸಕ್ಕೆ ಪಿಂಗ್ ಮಾಡಿ. ಆಗಲೂ ಉತ್ತರ ಬಂದರೆ ಆ ಹೆಸರಿನಲ್ಲಿ ಬೇರೊಬ್ಬ ಕೂತಿದ್ದಾನೆ.

ಆ ರೆಸಾರ್ಟ್‌ನಲ್ಲಿ ಮಾಸ್ಕ್ ತಿದ್ದಿದ ತಕ್ಷಣ ಒಂಬತ್ತು ಕಂಟ್ರೋಲರ್‌ಗಳು ಪರದೆಗೆ ಬಂದವು, ಬಿಚ್ಚಿದ ಎರಡನ್ನು ಸಂಜೆಯೊಳಗೆ ಮರಳಿ ಕೂರಿಸಿದೆವು. ಹೊರಡುವ ಮೊದಲು ಪ್ರತಿ ಪ್ಯಾನಲ್ ಬಾಗಿಲಿನ ಒಳಮೈಯಲ್ಲಿ ವಿಳಾಸ, ಅದರ ಕೆಳಗೆ ಮಾಸ್ಕ್, ಅದರ ಕೆಳಗೆ ಗೇಟ್‌ವೇ ಬರೆದೆ. ಕಾಗದದ ಚೀಟಿ ನಮ್ಮ ಮಳೆಯ ತೇವಕ್ಕೆ ಒಂದೇ ವರ್ಷದಲ್ಲಿ ಬೂಸ್ಟು ಹಿಡಿದು ಉದುರುತ್ತದೆ. ಬಿಳಿ ಪೇಂಟ್ ಮಾರ್ಕರ್‌ನಲ್ಲಿ ಬರೆದದ್ದು ಈಗಲೂ ಓದುವ ಹಾಗಿದೆ.