ಇಕ್ಕಟ್ಟಿನಲ್ಲಿ ಹುಟ್ಟಿದ ದಪ್ಪ ಅಕ್ಷರಗಳು

ಮೀಮ್‌ಗಳ ಮೇಲಿರುವ ಆ ಬಿಳಿ ಇಂಗ್ಲಿಷ್ ಅಕ್ಷರ ನೆನಪಿದೆ ಅಲ್ವಾ? ಸುತ್ತ ಕಪ್ಪು ಗೆರೆ, ಭುಜಕ್ಕೆ ಭುಜ ತಾಗಿಸಿ ನಿಂತ ದಪ್ಪ ಅಕ್ಷರ. ಅದರ ಹೆಸರು ಇಂಪ್ಯಾಕ್ಟ್. ಅದು ಇಂಟರ್‌ನೆಟ್‌ಗಾಗಿ ಹುಟ್ಟಿದ್ದಲ್ಲ. ಜೆಫ್ರಿ ಲೀ ರೂಪಿಸಿದ ಈ ಅಕ್ಷರವನ್ನು 1965ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಸ್ಟೀಫನ್‌ಸನ್ ಬ್ಲೇಕ್ ಕಂಪನಿ ಲೋಹದ ಅಚ್ಚುಮೊಳೆಗಳಲ್ಲಿ (ಮುದ್ರಣಕ್ಕೆ ಜೋಡಿಸುವ ಬಿಡಿ ಅಕ್ಷರಗಳಲ್ಲಿ) ಎರಕ ಹೊಯ್ದು ಮಾರಿತು.

ಈ ಜಾತಿಯ, ಅಂದರೆ ಕಿರಿದಾಗಿ ಒತ್ತಿದ ದಪ್ಪ ಅಕ್ಷರಗಳ ಬೇರು ಇನ್ನೂ ನೂರಕ್ಕೂ ಹೆಚ್ಚು ವರ್ಷ ಹಿಂದಿದೆ. ಕಾರ್ಖಾನೆಗಳು ಹೆಚ್ಚಿ, ಸರಕು ಮಾರಲು ಊರ ಗೋಡೆಗಳ ಮೇಲೆ ಪೋಸ್ಟರ್ ಅಂಟಿಸುವ ಪೈಪೋಟಿ ಶುರುವಾದಾಗ ಪುಸ್ತಕದ ಅಕ್ಷರ ಸಾಲದೇ ಹೋಯಿತು. ದೂರದಿಂದ ಕಾಣಬೇಕೆಂದರೆ ಅಕ್ಷರ ಎತ್ತರ ಇರಬೇಕು, ಆದರೆ ಕಾಗದದ ಅಗಲ ಅಷ್ಟೇ, ಹಾಗಾಗಿ ಅಕ್ಷರವನ್ನೇ ಎರಡೂ ಬದಿಯಿಂದ ಒತ್ತಬೇಕಾಯಿತು. ಅಷ್ಟು ದೊಡ್ಡ ಅಕ್ಷರವನ್ನು ಲೋಹದಲ್ಲಿ ಎರಕ ಹೊಯ್ದರೆ ವಿಪರೀತ ಭಾರ, ಖರ್ಚೂ ಜಾಸ್ತಿ.

ದಾರಿ ಸಿಕ್ಕಿದ್ದು ಮರದಲ್ಲಿ. 1827ರಲ್ಲಿ ನ್ಯೂಯಾರ್ಕ್‌ನ ಡೇರಿಯಸ್ ವೆಲ್ಸ್ ಮರದ ಅಚ್ಚುಮೊಳೆಗಳನ್ನು ಯಂತ್ರದಿಂದ ಕೊರೆಯುವ ಉಪಾಯ ಕಂಡುಕೊಂಡರು. 1834ರಲ್ಲಿ ವಿಲಿಯಂ ಲೆವೆನ್‌ವರ್ತ್ ಅದಕ್ಕೆ ಪ್ಯಾಂಟೋಗ್ರಾಫ್ ಜೋಡಿಸಿದರು, ಅಂದರೆ ಒಂದು ಆಕಾರವನ್ನು ಹಿಗ್ಗಿಸಿ ಕುಗ್ಗಿಸಿ ನಕಲು ಮಾಡುವ ಸಾಧನ. ಒಂದೇ ಮಾದರಿ ಇಟ್ಟುಕೊಂಡು ಬೇರೆ ಬೇರೆ ಅಳತೆಯ ಅಕ್ಷರ ಕೊರೆಯುವುದು ಸುಲಭವಾಯಿತು. ನನ್ನ ಪ್ರಕಾರ ಇಡೀ ಕಥೆಯ ತಿರುವು ಇದೇ.

1903ರಲ್ಲಿ ಅಮೆರಿಕದ ಅಕ್ಷರ ವಿನ್ಯಾಸಕ ಮಾರಿಸ್ ಫುಲ್ಲರ್ ಬೆಂಟನ್ ಅವರ ಆಲ್ಟರ್ನೇಟ್ ಗಾಥಿಕ್ ಎಂಬ ಕಿರಿದಾದ ದಪ್ಪ ಅಕ್ಷರ ಬಂತು, ಮೂರು ಅಗಲಗಳಲ್ಲಿ. ಈಗ ಉಚಿತವಾಗಿ ಸಿಗುವ ಲೀಗ್ ಗಾಥಿಕ್ ಫಾಂಟ್ ಅದರದೇ ಮರುಹುಟ್ಟು.

ಇವುಗಳಿಗೆ ಕಾರ್ಖಾನೆಯ ಕಳೆ ಹೇಗೆ ಬಂತು? ಇಂಗ್ಲಿಷಿನ ದುಂಡಗಿನ 'O' ಅಕ್ಷರವನ್ನು ಎರಡೂ ಕಡೆಯಿಂದ ಒತ್ತಿ ನೋಡಿ. ಪಕ್ಕೆಗಳು ನೆಟ್ಟಗಾಗುತ್ತವೆ, ಸಾಲಾಗಿ ನಿಂತ ಕಂಬಗಳ ಹಾಗೆ. ಕಬ್ಬಿಣದ ತಗಡಿನಿಂದ ಕತ್ತರಿಸಿದಂತೆ ಕಾಣುತ್ತದೆ.

ಕನ್ನಡಕ್ಕೆ ಇದು ಅಷ್ಟು ಸುಲಭ ಅಲ್ಲ. ನಮ್ಮ ಅಕ್ಷರದ ಜೀವವೇ ದುಂಡು. ದಪ್ಪ ಮಾಡಿ ಒತ್ತಿದರೆ 'ಷ', 'ಘ'ಗಳ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ. ಜೊತೆಗೆ ಒತ್ತಕ್ಷರ. ಇಂಗ್ಲಿಷಿನ ದೊಡ್ಡಕ್ಷರಗಳ ಕೆಳಗೆ ಹೆಚ್ಚುಕಡಿಮೆ ಏನೂ ಇಲ್ಲ, ಸಾಲಿನ ಮೇಲೆ ಸಾಲು ಇಟ್ಟಿಗೆಯಂತೆ ಪೇರಿಸಬಹುದು. 'ರಾಷ್ಟ್ರ' ಅಂತ ಬರೆದರೆ ಕೆಳಗೆ ಎರಡು ಒತ್ತಿಗೆ ಜಾಗ ಬಿಡಲೇಬೇಕು.

ಎಷ್ಟೋ ಫ್ಲೆಕ್ಸ್‌ಗಳಲ್ಲಿ ಇರುವ ಫಾಂಟನ್ನೇ ಮೌಸ್ ಹಿಡಿದು ಸುಮ್ನೆ ಕುಗ್ಗಿಸಿಬಿಡುತ್ತಾರೆ. ಆಗ ನಿಂತ ಗೆರೆಗಳು ತೆಳ್ಳಗಾಗಿ ಮಲಗಿದ ಗೆರೆಗಳು ದಪ್ಪವಾಗೇ ಉಳಿಯುತ್ತವೆ, ಅಕ್ಷರ ಸೊರಗಿದಂತೆ ಕಾಣುತ್ತದೆ. ನನಗೆ ನೋಡಿದಾಗಲೆಲ್ಲ ಬೇಜಾರು. ಅಕ್ಷರವನ್ನು ಮೊದಲಿನಿಂದಲೇ ಕಿರಿದಾಗಿ ಬರೆಯಬೇಕು. ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸ ತಂಡ 2022ರಲ್ಲಿ ಕೊಟ್ಟ ಅನೇಕ್ ಕನ್ನಡ ಫಾಂಟಿನಲ್ಲಿ ಆ ಕೆಲಸ ಆಗಿದೆ, ಕಿರಿದರಿಂದ ಅಗಲದವರೆಗೆ, ತೆಳುವಿನಿಂದ ದಪ್ಪದವರೆಗೆ. ಅದೂ ಉಚಿತ. ಅದರ ಅತಿ ಕಿರಿದಾದ, ಅತಿ ದಪ್ಪದ ರೂಪದಲ್ಲಿ 'ರಾಷ್ಟ್ರ' ಅಂತಲೇ ಟೈಪ್ ಮಾಡಿ, ಆ ಎರಡು ಒತ್ತುಗಳನ್ನು ಎಲ್ಲಿ ಕೂರಿಸಿದ್ದಾರೆ ನೋಡಿ.